ಬೆಂಗಳೂರಿನ ಹೊರವಲಯದಲ್ಲಿ ಒಳ್ಳೆ ಹೋಟೆಲ್: ದರ್ಶಿನಿ, ತಟ್ಟೆ ಇಡ್ಲಿ, ಮಿಲಿಟರಿ, ಖಾನಾವಳಿ, ಯಾವಾಗ ಯಾವುದು?

ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಇರುವವರಿಗೆ ಹೋಟೆಲ್ ಹುಡುಕುವ ಕಷ್ಟ ಇಲ್ಲ. ಎಂಟಿಆರ್ ಶುರುವಾಗಿದ್ದು 1924ರಲ್ಲಿ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಲ್ಲಿ. ಅಜ್ಜ ತಿಂದು ನೋಡಿದ್ದಾರೆ, ಅಪ್ಪ ತಿಂದು ನೋಡಿದ್ದಾರೆ, ನಾವು ಹೋಗಿ ಸಾಲಲ್ಲಿ ನಿಂತರೆ ಸಾಕು. ಕೆಂಗೇರಿ ಉಪನಗರ, ಯಲಹಂಕ ನ್ಯೂ ಟೌನ್, ಕಾಡುಗೋಡಿ, ಬೊಮ್ಮಸಂದ್ರ, ನೆಲಮಂಗಲ, ಈ ಕಡೆ ಮನೆ ಮಾಡಿದವರ ಕಥೆ ಬೇರೆ. ಇಲ್ಲಿ ಬಡಾವಣೆಯೇ ಹೊಸದು, ಹೋಟೆಲ್ ಇನ್ನೂ ಹೊಸದು. ಹೋದ ವರ್ಷ ಇದ್ದ ಬೋರ್ಡು ಈ ವರ್ಷ ಇರುವುದಿಲ್ಲ. ಬೋರ್ಡು ಅದೇ ಇದ್ದರೂ ಒಳಗೆ ಭಟ್ಟರು ಬದಲಾಗಿರುತ್ತಾರೆ.

ಹೀಗಾಗಿ ‘ನಮ್ಮ ಏರಿಯಾದಲ್ಲಿ ಬೆಸ್ಟ್ ಹೋಟೆಲ್ ಯಾವುದು’ ಅಂತ ಯಾರನ್ನಾದರೂ ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಯಾವ ಹೊತ್ತಿಗೆ, ಯಾರ ಜೊತೆ, ಏನು ತಿನ್ನೋಕೆ ಅಂತ ಸೇರಿಸಿ ಕೇಳಿ, ಆಗ ಉತ್ತರ ಸಿಗುತ್ತದೆ. ಹೊರವಲಯದಲ್ಲಿ ಎಲ್ಲ ಹೊತ್ತಿಗೂ ಎಲ್ಲವನ್ನೂ ಚೆನ್ನಾಗಿ ಮಾಡುವ ಹೋಟೆಲ್ ಇಲ್ಲವೇ ಇಲ್ಲ ಅನ್ನಬಹುದು. ಒಂದು ಹೊತ್ತಿಗೆ ಒಂದೆರಡು ಐಟಂ ಅದ್ಭುತವಾಗಿ ಮಾಡುವ ಹೋಟೆಲ್‌ಗಳು ಮಾತ್ರ ಬೇಕಾದಷ್ಟಿವೆ. ಅವನ್ನು ಕಂಡುಹಿಡಿಯೋದು ಹೇಗೆ, ಒಂದಕ್ಕೊಂದು ಹೋಲಿಸಿ ಆರಿಸೋದು ಹೇಗೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಿಂತು ತಿನ್ನೋದೋ, ಕೂತು ತಿನ್ನೋದೋ

ಮೊದಲು ಇದನ್ನು ತೀರ್ಮಾನ ಮಾಡಿಕೊಳ್ಳಿ, ಅರ್ಧ ಗೊಂದಲ ಮುಗಿಯುತ್ತದೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಈ ನಿಂತು ತಿನ್ನುವ ಪದ್ಧತಿ ಊರಿಗೆಲ್ಲ ಹಬ್ಬಿತು. ಈಗ ಹೊಸ ಬಡಾವಣೆಯಲ್ಲಿ ಮೆಡಿಕಲ್ ಶಾಪ್ ಬರುವುದಕ್ಕೆ ಮುಂಚೆ ದರ್ಶಿನಿ ಬಂದಿರುತ್ತದೆ. ದುಡ್ಡು ಕೊಟ್ಟು ಟೋಕನ್ ತಗೊಳ್ಳಿ, ಕೌಂಟರ್‌ನಲ್ಲಿ ಕೊಡಿ, ತಿನ್ನಿ, ಹೋಗಿ. ಸಪ್ಲೈಯರ್ ಇಲ್ಲ, ಟೇಬಲ್ ಒರೆಸುವವರಿಗೆ ಕಾಯುವುದಿಲ್ಲ, ಅದಕ್ಕೇ ರೇಟೂ ಕಡಿಮೆ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ದರ್ಶಿನಿಗೆ ಸಾಟಿ ಇಲ್ಲ. ಜನ ಜಾಸ್ತಿ ಇರುವುದರಿಂದ ಇಡ್ಲಿ ಹಬೆಯಿಂದ ಇಳಿದದ್ದು ನೇರವಾಗಿ ತಟ್ಟೆಗೆ ಬರುತ್ತದೆ. ವಡೆ ಬಾಣಲೆಯಿಂದ ತೆಗೆದ ಮೇಲೆ ತಣಿಯುವಷ್ಟು ಹೊತ್ತು ಇರುವುದೇ ಇಲ್ಲ.

ಅದೇ ದರ್ಶಿನಿಗೆ ಮಧ್ಯಾಹ್ನ ಮೂರೂವರೆಗೆ ಹೋಗಿ ನೋಡಿ. ಬೆಳಗಿನ ಇಡ್ಲಿಯನ್ನು ಮತ್ತೆ ಬಿಸಿ ಮಾಡಿ ಕೊಡುತ್ತಾರೆ, ಚಟ್ನಿ ನೀರು ಬಿಟ್ಟಿರುತ್ತದೆ. ಒಳ್ಳೆ ದರ್ಶಿನಿಗೂ ಸಾಧಾರಣ ದರ್ಶಿನಿಗೂ ವ್ಯತ್ಯಾಸ ಗೊತ್ತಾಗುವುದು ಬೆಳಿಗ್ಗೆ ಹತ್ತೂವರೆ ಹೊತ್ತಿಗೆ. ಮೊದಲ ರುಬ್ಬಿನ ಚಟ್ನಿ ಖಾಲಿಯಾಗಿರುತ್ತದೆ, ಆಗ ಹೊಸದಾಗಿ ಕಾಯಿ ಹಾಕಿ ರುಬ್ಬುತ್ತಾರಾ, ಇಲ್ಲ ಉಳಿದ ಚಟ್ನಿಗೇ ನೀರು, ಹುರಿಗಡಲೆ ಹಿಟ್ಟು ಸೇರಿಸುತ್ತಾರಾ? ಆ ಹೊತ್ತಲ್ಲಿ ಒಂದು ಸಲ ತಿಂದು ನೋಡಿ. ಆಗಲೂ ಚಟ್ನಿ ಚೆನ್ನಾಗಿದ್ದರೆ ಆ ಹೋಟೆಲನ್ನು ನಂಬಬಹುದು.

ಕೂತು ತಿನ್ನುವ ಹೋಟೆಲ್, ಅಂದರೆ ‘ಉಪಾಹಾರ’, ‘ಗ್ರ್ಯಾಂಡ್’, ‘ಪಾರ್ಕ್’ ಅಂತೆಲ್ಲ ಹೆಸರಿಟ್ಟುಕೊಂಡ ದೊಡ್ಡ ಹೋಟೆಲ್‌ಗಳು, ಬೇರೆಯದೇ ಕೆಲಸಕ್ಕೆ ಬೇಕಾಗುತ್ತವೆ. ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋದಾಗ, ಚಿಕ್ಕ ಮಗು ಇದ್ದಾಗ, ಊರಿಂದ ನೆಂಟರು ಬಂದಾಗ ದರ್ಶಿನಿ ಬೇಡ. ಮಂಡಿ ನೋವಿರುವವರನ್ನು ಎತ್ತರದ ಟೇಬಲ್ ಹತ್ತಿರ ನಿಲ್ಲಿಸಿ ಬಿಸಿ ಸಾಂಬಾರ್ ಬಟ್ಟಲು ಕೈಗೆ ಕೊಡುವುದು ಸರಿಯಲ್ಲ, ಅಲ್ವಾ? ಇಂಥ ಹೋಟೆಲ್‌ನಲ್ಲಿ ಮೊದಲು ನೋಡಬೇಕಾದ್ದು ಕೈ ತೊಳೆಯುವ ಜಾಗ ಮತ್ತು ಶೌಚಾಲಯ. ಮೆನು ಆಮೇಲೆ ನೋಡಿದರಾಯಿತು. ಅಷ್ಟನ್ನು ಸ್ವಚ್ಛವಾಗಿ ಇಟ್ಟುಕೊಳ್ಳದವರು ಒಳಗೆ ಪಾತ್ರೆ ಹೇಗೆ ತೊಳೆಯುತ್ತಾರೋ ಅನ್ನುವ ಅನುಮಾನ ನನಗಂತೂ ಬರುತ್ತದೆ.

ಇನ್ನೊಂದು ವಿಷಯ. ಹೊರವಲಯದ ಎಷ್ಟೋ ಹೋಟೆಲ್‌ಗಳಲ್ಲಿ ಕೆಳಗೆ ಸೆಲ್ಫ್ ಸರ್ವಿಸ್, ಮೇಲೆ ಎಸಿ ಹಾಲ್. ಅಡುಗೆಮನೆ ಒಂದೇ, ದೋಸೆ ಹೆಂಚು ಒಂದೇ, ರೇಟು ಮಾತ್ರ ಬೇರೆ. ಒಬ್ಬರೇ ಇದ್ದರೆ ಕೆಳಗೇ ತಿನ್ನಿ. ಮೇಲಕ್ಕೆ ಬರುವ ದೋಸೆ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಮೇಲಿನ ಹಾಲ್‌ನಲ್ಲಿ ದೋಸೆ ಬಿಟ್ಟು ಊಟವನ್ನೋ, ಪೂರಿ ಸಾಗುವನ್ನೋ, ಬಿಸಿಬೇಳೆ ಬಾತನ್ನೋ ಹೇಳುವುದು ಒಳ್ಳೆಯದು. ತರುವುದು ಐದು ನಿಮಿಷ ತಡವಾದರೂ ಅವಕ್ಕೆ ಏನೂ ಆಗುವುದಿಲ್ಲ.

ದೋಸೆ ಹೆಂಚಿನ ಮುಂದೆ ಒಂದು ನಿಮಿಷ

ಟೋಕನ್ ತಗೊಳ್ಳುವ ಮೊದಲು ಹೆಂಚಿನ ಕಡೆ ನೋಡಿ. ದೋಸೆ ಹಾಕುವವರು ಹೆಂಚಿಗೆ ನೀರು ಚಿಮುಕಿಸುತ್ತಾರೆ, ಚುಯ್ಯ್ ಅಂತ ಸದ್ದು ಬರುತ್ತದೆ, ಕಡ್ಡಿ ಪೊರಕೆಯಿಂದ ಒಮ್ಮೆ ಗುಡಿಸುತ್ತಾರೆ. ಆಮೇಲೆ ಸಾಲಾಗಿ ಹಿಟ್ಟು ಹುಯ್ದು ಬಟ್ಟಲಿನ ತಳದಲ್ಲಿ ಸುತ್ತಿಸುತ್ತಾ ಹೋಗುತ್ತಾರೆ. ಈ ನೀರು ಹಾಕುವ ಕೆಲಸ ಪ್ರತಿ ಸಲವೂ ಆಗಬೇಕು. ಹೆಂಚಿನ ಕಾವು ಹದಕ್ಕೆ ಬರುವುದೇ ಅದರಿಂದ. ಅದನ್ನು ಬಿಟ್ಟು ಎಣ್ಣೆ ಮೇಲೆ ಎಣ್ಣೆ ಸುರಿದು ಹಾಕುತ್ತಿದ್ದರೆ ದೋಸೆಗೆ ಬಣ್ಣ ಮಾತ್ರ ಬರುತ್ತದೆ, ಗರಿ ಬರುವುದಿಲ್ಲ. ಬೆಂಗಳೂರಿನ ಮಸಾಲೆ ದೋಸೆ ಹೊರಗೆ ಗರಿ, ಒಳಗೆ ಮೆತ್ತಗೆ, ಕೆಂಪು ಚಟ್ನಿ ಸವರಿದ ಕಡೆ ಸ್ವಲ್ಪ ಒದ್ದೆ, ಹೀಗೆ ಇರಬೇಕು. ಪೂರ್ತಿ ಹಪ್ಪಳದ ಥರ ಇದ್ದರೆ ಅದು ಪೇಪರ್ ದೋಸೆ. ಅದನ್ನು ಇಷ್ಟಪಡುವವರೂ ಇದ್ದಾರೆ, ನನಗೆ ರುಚಿಸುವುದಿಲ್ಲ.

ದಾವಣಗೆರೆ ಬೆಣ್ಣೆ ದೋಸೆ ಅಂಗಡಿಗಳೂ ಈಗ ಎಲ್ಲ ಬಡಾವಣೆಯಲ್ಲಿ ಇವೆ. ಅದು ಬೇರೆ ಜಾತಿಯ ದೋಸೆ. ಚಿಕ್ಕದು, ದಪ್ಪ, ಜೊತೆಗೆ ಆಲೂಗಡ್ಡೆ ಪಲ್ಯ, ತೆಳ್ಳಗಿನ ಕಾಯಿ ಚಟ್ನಿ. ಸಾಂಬಾರ್ ಕೊಡುವುದಿಲ್ಲ, ಕೇಳಲೂಬೇಡಿ. ಸಾಂಬಾರನ್ನೂ ಇಟ್ಟು, ಹತ್ತು ಬಗೆಯ ಚೀಸ್ ದೋಸೆಯನ್ನೂ ಬೋರ್ಡಿನಲ್ಲಿ ಬರೆದಿದ್ದರೆ ದಾವಣಗೆರೆ ಅನ್ನುವುದು ಹೆಸರಿಗೆ ಮಾತ್ರ. ಬೆಣ್ಣೆ ಡಬ್ಬಿ ಹೆಂಚಿನ ಪಕ್ಕದಲ್ಲಿದ್ದರೆ ಒಂದು ಸಲ ನೋಡಿ. ಬಿಳಿ ಬೆಣ್ಣೆನಾ, ಹಳದಿ ಮಾರ್ಗರಿನ್ನಾ ಅಂತ ಅಲ್ಲೇ ಗೊತ್ತಾಗುತ್ತದೆ.

ತಟ್ಟೆ ಇಡ್ಲಿ: ಬಿಡದಿ ಕಡೆಗೋ, ತುಮಕೂರು ಕಡೆಗೋ

ಕೆಂಗೇರಿ ಕಡೆಯವರಿಗೆ ಬಿಡದಿ ಹತ್ತಿರ. ನೆಲಮಂಗಲ, ದಾಸರಹಳ್ಳಿ ಕಡೆಯವರಿಗೆ ತುಮಕೂರು ರಸ್ತೆ, ಅಲ್ಲಿ ತುಮಕೂರಿಗೆ ಸ್ವಲ್ಪ ಮುಂಚೆ ಕ್ಯಾತಸಂದ್ರ. ಎರಡೂ ತಟ್ಟೆ ಇಡ್ಲಿಗೆ ಹೆಸರಾದ ಊರುಗಳು. ಎರಡು ಕಡೆಯವರಿಗೂ ತಮ್ಮದೇ ಮೇಲು. ಬಿಡದಿಯಲ್ಲಿ ಮೇಲೆ ಬೆಣ್ಣೆ ಹಾಕಿಸಿಕೊಂಡು ಖಾರದ ಚಟ್ನಿ ಜೊತೆ ತಿನ್ನುವುದು ರೂಢಿ. ಕ್ಯಾತಸಂದ್ರದಲ್ಲಿ ಸಿದ್ಧಗಂಗಾ ಮಠಕ್ಕೆ ಹೋಗುವವರು, ಹೆದ್ದಾರಿಯಲ್ಲಿ ಹೋಗುವವರು ಎಲ್ಲ ನಿಂತು ತಿನ್ನುತ್ತಾರೆ, ಹಾಗಾಗಿ ಹಬೆಪಾತ್ರೆ ಇಳಿಯುವುದು ಹತ್ತುವುದು ನಡೆಯುತ್ತಲೇ ಇರುತ್ತದೆ.

ಬಿಡದಿಗೆ ಹೋಗುವವರು ರಸ್ತೆ ಗಮನಿಸಬೇಕು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೈಸೂರು ಎಕ್ಸ್‌ಪ್ರೆಸ್‌ವೇ ಊರುಗಳನ್ನು ಬಿಟ್ಟು ಬೈಪಾಸ್‌ನಲ್ಲಿ ಹೋಗುತ್ತದೆ. ಅದರಲ್ಲೇ ಹೋಗುತ್ತಿದ್ದರೆ ಬಿಡದಿ ಯಾವಾಗ ಬಂತು, ಯಾವಾಗ ಹೋಯಿತು ಗೊತ್ತೇ ಆಗುವುದಿಲ್ಲ. ಹಳೇ ರಸ್ತೆಯ ಮೇಲೆ ನಂಬಿಕೊಂಡಿದ್ದ ರಾಮನಗರ, ಚನ್ನಪಟ್ಟಣ, ಮದ್ದೂರಿನ ಎಷ್ಟೋ ಹೋಟೆಲ್‌ಗಳಿಗೆ ವ್ಯಾಪಾರ ಬಿದ್ದುಹೋಗಿದ್ದು ಇದರಿಂದಲೇ. ತಟ್ಟೆ ಇಡ್ಲಿ ಬೇಕಾದರೆ ಮುಂಚೆಯೇ ಸರ್ವಿಸ್ ರಸ್ತೆಗೆ ಇಳಿದುಬಿಡಿ. ಬೈಕ್‌ನವರಿಗೆ ಈ ತಲೆನೋವು ಇಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆ, ಹಳೇ ರಸ್ತೆ ಹಿಡಿದೇ ಹೋಗಬೇಕು, ಹಾಗೆ ಹೋದರೆ ದಾರಿಯುದ್ದಕ್ಕೂ ಹೋಟೆಲ್ ಸಿಗುತ್ತವೆ. ಮನೆಯವರೆಲ್ಲ ಸೇರಿ ಕಾರಲ್ಲಿ ಹೊರಟಿದ್ದು ಕೂತು ಊಟ ಮಾಡಬೇಕು ಅಂತಿದ್ದರೆ ಇನ್ನೂ ಸ್ವಲ್ಪ ಮುಂದೆ, ರಾಮನಗರದ ಹತ್ತಿರ ಜಾನಪದ ಲೋಕದ ಪಕ್ಕದ ಕಾಮತ್ ಲೋಕರುಚಿ ಇದೆ. ಮಕ್ಕಳಿಗೆ ಜಾನಪದ ಲೋಕವನ್ನೂ ತೋರಿಸಿದಂತಾಯಿತು.

ಇಷ್ಟು ದೂರ ಹೋಗಬೇಕಾ, ನಮ್ಮ ಬಡಾವಣೆಯಲ್ಲೇ ತಟ್ಟೆ ಇಡ್ಲಿ ಸಿಗುತ್ತದಲ್ಲ ಅಂತ ಕೇಳಬಹುದು. ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಬೆಳಿಗ್ಗೆ ಗೂಡಂಗಡಿಯಲ್ಲಿ ಗಂಡ ಹೆಂಡತಿ ಇಬ್ಬರೇ ಮಾಡುವ ತಟ್ಟೆ ಇಡ್ಲಿ ಎಷ್ಟೋ ಸಲ ಬೋರ್ಡು ಹಾಕಿದ ಹೋಟೆಲ್‌ಗಿಂತ ಮೇಲಿರುತ್ತದೆ. ಆದರೆ ತಟ್ಟೆಗೆ ಏನು ಹಾಸಿ ಹಿಟ್ಟು ಹುಯ್ಯುತ್ತಾರೆ ಅನ್ನುವುದನ್ನು ಮಾತ್ರ ತಪ್ಪದೆ ನೋಡಿ. ಒದ್ದೆ ಬಟ್ಟೆ ಹಾಸಿ ಬೇಯಿಸುವುದು ಹಳೇ ಪದ್ಧತಿ. ಕೆಲವರು ಕೆಲಸ ಸುಲಭ ಅಂತ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕತೊಡಗಿದರು. 2025ರ ಫೆಬ್ರುವರಿಯಲ್ಲಿ ಆರೋಗ್ಯ ಇಲಾಖೆ ತಪಾಸಣೆ ಮಾಡಿ ಇದನ್ನು ಪತ್ತೆಹಚ್ಚಿತು, ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸಬಾರದು ಅಂತ ಸರ್ಕಾರ ಹೇಳಿತು. ಬಿಸಿ ಹಬೆಯಲ್ಲಿ ಪ್ಲಾಸ್ಟಿಕ್ ಬಿಡುವುದೆಲ್ಲ ನಮ್ಮ ಹೊಟ್ಟೆಗೇ ಬರುತ್ತದೆ. ಇಡ್ಲಿ ತಳ ಕನ್ನಡಿ ಥರ ನುಣ್ಣಗಿದ್ದರೆ ಕೇಳಿ. ಬಟ್ಟೆಯ ಮೇಲೆ ಬೆಂದ ಇಡ್ಲಿಯ ತಳದಲ್ಲಿ ನೇಯ್ಗೆಯ ಗುರುತು ಕಾಣುತ್ತದೆ. ಪ್ಲಾಸ್ಟಿಕ್ ಕಂಡರೆ ಸುಮ್ನೆ ಎದ್ದು ಬರಬೇಡಿ. ಅವರಿಗೆ ಸಮಾಧಾನವಾಗಿ ಹೇಳಿ ಬನ್ನಿ, ನಿಮ್ಮಂಥ ನಾಲ್ಕು ಜನ ಹೇಳಿದರೆ ಬದಲಾಯಿಸುತ್ತಾರೆ.

ಮಾಂಸದೂಟ: ಮಿಲಿಟರಿ ಹೋಟೆಲ್ಲೋ, ಹೊಸಕೋಟೆ ದಮ್ಮೋ

ಭಾನುವಾರದ ಪ್ರಶ್ನೆ ಇದು. ಮಿಲಿಟರಿ ಹೋಟೆಲ್‌ಗೆ ಹೋಗುವುದಾದರೆ ಮಧ್ಯಾಹ್ನ ಹನ್ನೆರಡಕ್ಕೆ ಮುಂಚೆ ಹೋಗಿ. ಬೋಟಿ, ತಲೆಮಾಂಸ, ಕಾಲ್ಸೂಪು, ಖೈಮಾ ಉಂಡೆ, ಇವೆಲ್ಲ ಬೆಳಿಗ್ಗೆ ಒಂದೇ ಸಲ ಮಾಡಿರುತ್ತಾರೆ, ಒಂದು ಗಂಟೆ ಹೊತ್ತಿಗೆ ಮುಗಿದುಹೋಗಿರುತ್ತದೆ. ಮುಗಿದುಹೋಯಿತು ಅಂತ ಹೇಳುವ ಹೋಟೆಲ್ಲೇ ಒಳ್ಳೆ ಹೋಟೆಲ್. ರಾತ್ರಿ ಹತ್ತಕ್ಕೂ ಬೋಟಿ ಇದೆ ಅಂದರೆ ಅದು ಎಷ್ಟು ಹೊತ್ತಿಂದ ಇದೆ ಅಂತ ಯೋಚನೆ ಮಾಡಿ.

ನಾನು ಹೊಸ ಮಿಲಿಟರಿ ಹೋಟೆಲ್‌ಗೆ ಹೋದರೆ ಮೊದಲು ಮುದ್ದೆ, ನಾಟಿ ಕೋಳಿ ಸಾರು ಹೇಳುತ್ತೇನೆ. ಬಿರಿಯಾನಿ ಆಮೇಲೆ. ಮುದ್ದೆ ಹಬೆಯಾಡುತ್ತಾ ಬರಬೇಕು, ಬೆರಳಿಂದ ಮುರಿದರೆ ಒಳಗೆ ಹಸಿ ಹಿಟ್ಟಿನ ಗಂಟು ಸಿಗಬಾರದು, ಸಾರಿನಲ್ಲಿ ಅದ್ದಿದರೆ ಕರಗಬಾರದು. ಸಾರು ತೆಳ್ಳಗೇ ಇರಬೇಕು. ನಾಟಿ ಕೋಳಿ ಸಾರು ಗಟ್ಟಿ ಗ್ರೇವಿ ಥರ ಬಂದರೆ ಫಾರಂ ಕೋಳಿಯನ್ನು ಮಸಾಲೆಯಲ್ಲಿ ಮುಚ್ಚಿಡುತ್ತಿದ್ದಾರೇನೋ ಅಂತ ಅನುಮಾನ ಪಡಿ. ನಾಟಿ ಕೋಳಿಯ ಮೂಳೆ ಗಟ್ಟಿ, ಮಾಂಸ ಸ್ವಲ್ಪ ಎಳೆದು ತಿನ್ನುವಂತಿರುತ್ತದೆ. ಬಾಯಲ್ಲಿಟ್ಟರೆ ಬೆಣ್ಣೆಯಂತೆ ಕರಗಿತು ಅಂದರೆ ಅದು ನಾಟಿ ಅಲ್ಲ.

ಬಿರಿಯಾನಿಯಲ್ಲಿ ಎರಡು ದಾರಿ. ದೊನ್ನೆ ಬಿರಿಯಾನಿಗೆ ಚಿಕ್ಕ ಜೀರಿಗೆ ಸಾಂಬಾ ಅಕ್ಕಿ ಹಾಕುತ್ತಾರೆ. ಪುದೀನ, ಕೊತ್ತಂಬರಿ ರುಬ್ಬಿ ಹಾಕಿರುವುದರಿಂದ ಬಣ್ಣ ಹಸಿರು ಕಡೆಗೆ, ಅನ್ನ ಸ್ವಲ್ಪ ಮೆತ್ತಗೆ. ಇದನ್ನು ಮಿಲಿಟರಿ ಹೋಟೆಲ್‌ಗಳಲ್ಲಿ, ದೊನ್ನೆ ಬಿರಿಯಾನಿ ಅಂತಲೇ ಬೋರ್ಡು ಹಾಕಿದ ಅಂಗಡಿಗಳಲ್ಲಿ ತಿನ್ನಬೇಕು. ಹೊಸಕೋಟೆ ದಮ್ ಬಿರಿಯಾನಿ ಇನ್ನೊಂದು ಲೋಕ. ಸೌದೆ ಒಲೆ, ದೊಡ್ಡ ಹಂಡೆ, ಮುಚ್ಚಳದ ಮೇಲೆ ಕೆಂಡ, ಮಟನ್. ಶನಿವಾರ, ಭಾನುವಾರ ಬೆಳಕು ಹರಿಯುವ ಮೊದಲೇ ಜನ ಸಾಲು ನಿಲ್ಲುತ್ತಾರೆ. ಹಂಡೆ ಖಾಲಿಯಾದರೆ ಆ ದಿನಕ್ಕೆ ಮುಗಿಯಿತು. ಕಾಡುಗೋಡಿ, ಕೆ.ಆರ್.ಪುರ ಕಡೆಯವರಿಗೆ ಇದು ಅನುಕೂಲ. ಕೆಂಗೇರಿಯಿಂದ ಊರು ದಾಟಿಕೊಂಡು ಹೋಗುವುದು ಒಂದು ಸಲದ ಅನುಭವಕ್ಕೆ ಸರಿ, ಪ್ರತಿ ವಾರಕ್ಕೆ ಬೇಡ. ಹೊಟ್ಟೆಯೂ ಬೆಳಿಗ್ಗೆ ಐದಕ್ಕೆ ಮಟನ್ ಬಿರಿಯಾನಿ ಒಪ್ಪುವಂಥದ್ದಾಗಿರಬೇಕು. ಮಕ್ಕಳು, ಬಿಪಿ ಇರುವ ಹಿರಿಯರು ಜೊತೆಗಿದ್ದರೆ ಮಧ್ಯಾಹ್ನದ ಮಿಲಿಟರಿ ಹೋಟೆಲೇ ವಾಸಿ.

ಕಬಾಬ್ ಬಗ್ಗೆ ಒಂದು ಮಾತು. 2024ರಲ್ಲಿ ರಾಜ್ಯ ಸರ್ಕಾರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ಕಣ್ಣು ಕುಕ್ಕುವ ಕೆಂಪು ಬಣ್ಣದ ಕಬಾಬ್ ಈಗಲೂ ಕಂಡರೆ ಅಲ್ಲಿ ತಿನ್ನಬೇಡಿ. ಬ್ಯಾಡಗಿ ಮೆಣಸಿನಕಾಯಿ ಕೊಡುವ ಕೆಂಪು ಬೇರೆ, ಅದು ಕಂದು ಕಡೆಗೆ ತಿರುಗಿರುತ್ತದೆ, ಬೆರಳಿಗೆ ಮೆತ್ತಿಕೊಂಡು ಕೂರುವುದಿಲ್ಲ.

ಖಾನಾವಳಿ: ದಿನಾ ತಿನ್ನುವವರಿಗೆ

ಒಂಟಿಯಾಗಿ ರೂಮ್ ಮಾಡಿಕೊಂಡು ಇರುವವರು, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ವಾರದಲ್ಲಿ ನಾಲ್ಕೈದು ದಿನ ಹೊರಗೆ ಊಟ ಮಾಡಲೇಬೇಕಾದವರು ದರ್ಶಿನಿಯ ಮಿನಿ ಮೀಲ್ಸ್ ಬಿಟ್ಟು ಹತ್ತಿರದ ಉತ್ತರ ಕರ್ನಾಟಕ ಖಾನಾವಳಿ ಹುಡುಕಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಪೀಣ್ಯ, ದಾಸರಹಳ್ಳಿ ಸುತ್ತ ಬೇಕಾದಷ್ಟಿವೆ, ಬೇರೆ ಕಡೆಯೂ ಪಿಜಿಗಳು ಜಾಸ್ತಿ ಇರುವ ಬೀದಿಯಲ್ಲಿ ಒಂದಾದರೂ ಇರುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು, ಹಸಿ ಉಳ್ಳಾಗಡ್ಡಿ, ಕೊನೆಗೆ ಅನ್ನ ಸಾರು. ತರಕಾರಿ, ಕಾಳು ಎರಡೂ ಹೊಟ್ಟೆಗೆ ಬೀಳುತ್ತವೆ. ದಿನಾ ತಿಂದರೂ ಹೊಟ್ಟೆ ಭಾರ ಅನ್ನಿಸುವುದಿಲ್ಲ.

ಆರಿಸುವಾಗ ಕಿವಿ ಕೊಡಿ. ರೊಟ್ಟಿ ಬಡಿಯುವ ಸದ್ದು ಒಳಗಿಂದ ಬರುತ್ತಿದೆಯಾ? ಅಲ್ಲೇ ಬಡಿದು ಅಲ್ಲೇ ಸುಡುತ್ತಿದ್ದರೆ ಬಿಸಿ ರೊಟ್ಟಿ ಕೇಳಿ. ಸದ್ದಿಲ್ಲ ಅಂದರೆ ಹೊರಗಿಂದ ತರಿಸುತ್ತಾರೆ ಅಂತ ಅರ್ಥ, ಆಗ ಖಡಕ್ ರೊಟ್ಟಿ ಹಾಕಿಸಿಕೊಳ್ಳಿ, ತಣ್ಣಗಿನ ಮೆತ್ತನೆ ರೊಟ್ಟಿ ತಿಂದು ಬೇಜಾರು ಮಾಡಿಕೊಳ್ಳಬೇಡಿ. ಇನ್ನೊಂದು, ಪಲ್ಯ ದಿನಾ ಬದಲಾಗಬೇಕು. ಸೋಮವಾರ ಹೆಸರುಕಾಳು, ಮಂಗಳವಾರ ಮಡಿಕೆಕಾಳು, ಒಂದಿನ ಝುಣಕ, ಒಂದಿನ ಸೊಪ್ಪು, ಹೀಗೆ. ಹೋದಾಗಲೆಲ್ಲ ಅದೇ ಆಲೂಗಡ್ಡೆ ಪಲ್ಯ ಹಾಕುತ್ತಿದ್ದರೆ ತಿಂಗಳ ಕೂಪನ್ ತಗೊಳ್ಳಬೇಡಿ. ಮೊದಲು ಒಂದು ವಾರ ದಿನದ ಲೆಕ್ಕದಲ್ಲಿ ಊಟ ಮಾಡಿ, ಆಮೇಲೆ ಮುಂಗಡ ಕೊಡುವ ಯೋಚನೆ ಮಾಡಿ.

ಕಾಫಿ

ಇದಕ್ಕೆ ಹೆಚ್ಚು ಮಾತು ಬೇಡ. ಡಿಕಾಕ್ಷನ್ ಎದುರಿಗೇ ಫಿಲ್ಟರ್‌ನಿಂದ ಇಳಿಯುತ್ತಿರಬೇಕು, ಹಾಲು ಕುದಿಯುತ್ತಿರಬೇಕು. ಮಷೀನಿನ ಗುಂಡಿ ಒತ್ತಿ ಕೊಡುವ ಕಾಫಿ ಇದ್ದ ಕಡೆ ತಿಂಡಿ ಮಾತ್ರ ತಿಂದು, ಕಾಫಿಗೆ ಪಕ್ಕದ ರಸ್ತೆಗೆ ಹೋಗುವುದರಲ್ಲಿ ತಪ್ಪೇನಿಲ್ಲ. ಕಹಿ ಜಾಸ್ತಿ, ಪರಿಮಳ ಕಡಿಮೆ ಅಂದರೆ ಚಿಕೋರಿ ಜಾಸ್ತಿ ಇದೆ ಅಂತ.

ರೇಟಿಂಗ್ ನೋಡಿ ಹೋಗುವವರಿಗೆ

ಮ್ಯಾಪ್‌ನಲ್ಲಿ 4.3 ಸ್ಟಾರ್ ಇದೆ ಅಂತ ಹೋಗುವ ಮುಂಚೆ ಹೊಸ ಅಭಿಪ್ರಾಯಗಳು ಮೊದಲು ಬರುವ ಹಾಗೆ ಮಾಡಿಕೊಂಡು ಕಳೆದ ಎರಡು ಮೂರು ತಿಂಗಳದ್ದು ಮಾತ್ರ ಓದಿ. ನಾನು ಇಷ್ಟಪಟ್ಟು ಹೋಗುತ್ತಿದ್ದ ಹೋಟೆಲ್ ಒಂದರಲ್ಲಿ ಭಟ್ಟರು ಬಿಟ್ಟುಹೋದ ಮೇಲೆ ಸಾಂಬಾರ್ ಪೂರ್ತಿ ಸಿಹಿಯಾಯಿತು, ಸೆಟ್ ದೋಸೆ ರಬ್ಬರ್ ಆಯಿತು. ಮ್ಯಾಪ್‌ನಲ್ಲಿ ಮಾತ್ರ ಹಳೇ ಸ್ಟಾರ್‌ಗಳು ಹಾಗೇ ಮಿಂಚುತ್ತಿದ್ದವು. ‘ಸೂಪರ್’, ‘ನೈಸ್ ಆಂಬಿಯನ್ಸ್’ ಅಂತ ಬರೆದದ್ದರಿಂದ ಏನೂ ಗೊತ್ತಾಗುವುದಿಲ್ಲ. ‘ಖಾಲಿ ದೋಸೆ ಚೆನ್ನಾಗಿದೆ, ಸಾಗು ನೀರು’ ಅಂತ ಐಟಂ ಹೆಸರಿಟ್ಟು ಬರೆದವರನ್ನು ನಂಬಿ.

ಸ್ವಿಗ್ಗಿ, ಜೊಮ್ಯಾಟೊ ರೇಟಿಂಗನ್ನು ಇದಕ್ಕೆ ಬೆರೆಸಬೇಡಿ. ಅದು ಡಬ್ಬಿಯಲ್ಲಿ ಅರ್ಧ ಗಂಟೆ ಕೂತು ಬಂದ ತಿಂಡಿಗೆ ಕೊಟ್ಟ ಅಂಕ. ದೋಸೆಗೆ ಹೆಸರಾದ ಹೋಟೆಲ್‌ಗೆ ಅಲ್ಲಿ ಕಡಿಮೆ ಅಂಕ ಇರಬಹುದು, ಫ್ರೈಡ್ ರೈಸ್ ಅಂಗಡಿಗೆ ಜಾಸ್ತಿ ಇರಬಹುದು. ಡ್ರೈವರ್, ಕಂಡಕ್ಟರ್‌ಗಳು ತಿನ್ನುವ ಹೋಟೆಲ್ ಚೆನ್ನಾಗಿರುತ್ತದೆ ಅನ್ನುವ ಮಾತೂ ಪೂರ್ತಿ ನಿಜವಲ್ಲ. ಬೆಳಿಗ್ಗೆ ಬೇಗ ಬಾಗಿಲು ತೆಗೆಯುತ್ತಾರೆ, ಬೇಗ ಕೊಡುತ್ತಾರೆ, ಹೊಟ್ಟೆ ತುಂಬುತ್ತದೆ, ಇಷ್ಟಕ್ಕೆ ಅವರು ಅಲ್ಲಿ ಹೋಗುತ್ತಾರೆ. ಏಳಕ್ಕೆ ಮುಂಚೆ ಬಿಸಿ ತಿಂಡಿ ಬೇಕಾದರೆ ಮಾತ್ರ ಡಿಪೋ ಪಕ್ಕದ ಹೋಟೆಲನ್ನು ಕಣ್ಣುಮುಚ್ಚಿ ನಂಬಬಹುದು.

ಬಿಲ್ಲಿನಲ್ಲಿ ಏನು ನೋಡಬೇಕು

2022ರ ಜನವರಿ 1ರಿಂದ ಹೋಟೆಲ್ ಬಿಲ್ಲಿನಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕೊಟ್ಟ ನಂಬರ್ ಇರಲೇಬೇಕು, 14 ಅಂಕಿಯದ್ದು. ಜಿಎಸ್‌ಟಿ ಸಾಮಾನ್ಯವಾಗಿ ಶೇ 5. ಎಸಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ, ದೊಡ್ಡ ಸ್ಟಾರ್ ಹೋಟೆಲ್‌ಗಳ ಲೆಕ್ಕ ಬೇರೆ. ಕಂಪೋಸಿಷನ್ ಸ್ಕೀಮ್‌ನಲ್ಲಿರುವ, ಅಂದರೆ ಒಟ್ಟು ವ್ಯಾಪಾರದ ಮೇಲೆ ತಾವೇ ತೆರಿಗೆ ಕಟ್ಟುವ ಚಿಕ್ಕ ಹೋಟೆಲ್‌ಗಳು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ಮೊತ್ತ ಹಾಕಿ ಜಿಎಸ್‌ಟಿ ನಂಬರ್ ಮಾತ್ರ ಹಾಕಿಲ್ಲ ಅಂದರೆ ಕೌಂಟರ್‌ನಲ್ಲೇ ಕೇಳಿ. ಕೂತು ತಿನ್ನುವ ಕೆಲವು ಕಡೆ ಸರ್ವಿಸ್ ಚಾರ್ಜ್ ತಾವಾಗಿಯೇ ಸೇರಿಸಿಬಿಡುತ್ತಾರೆ. ಅದನ್ನು ಕೊಡಲೇಬೇಕು ಅಂತ ಬಲವಂತ ಮಾಡುವ ಹಾಗಿಲ್ಲ, ತೆಗೆಸಬಹುದು. ಸಪ್ಲೈಯರ್ ಚೆನ್ನಾಗಿ ನೋಡಿಕೊಂಡರೆ ಟಿಪ್ಸನ್ನು ಅವರ ಕೈಗೇ ಕೊಡಿ.

ಇಷ್ಟೂ ಓದಿದ ಮೇಲೂ ಯಾವುದರಿಂದ ಶುರು ಮಾಡಲಿ ಅನ್ನುವವರಿಗೆ: ವಾರದ ದಿನ ಬೆಳಿಗ್ಗೆ ಮನೆಗೆ ಹತ್ತಿರದ ಮೂರು ದರ್ಶಿನಿಗಳಲ್ಲಿ ಒಂದೊಂದು ದಿನ ಒಂದೊಂದರಲ್ಲಿ ಇಡ್ಲಿ, ವಡೆ, ಕಾಫಿ ಇಷ್ಟನ್ನೇ ತಗೊಳ್ಳಿ. ಎಲ್ಲ ಕಡೆ ಅದೇ ಮೂರು ತಿಂದರೆ ಮಾತ್ರ ಹೋಲಿಸುವುದಕ್ಕೆ ಆಗುತ್ತದೆ. ರಾತ್ರಿ ಊಟಕ್ಕೆ ಖಾನಾವಳಿ ನೋಡಿ. ಭಾನುವಾರ ಮಾಂಸ ತಿನ್ನುವವರು ಹನ್ನೊಂದೂವರೆಗೆ ಮಿಲಿಟರಿ ಹೋಟೆಲ್ ಕಡೆ ಹೊರಡಿ. ತಿನ್ನದವರು ಬೆಳಿಗ್ಗೆ ಬೇಗ ಎದ್ದು ತಟ್ಟೆ ಇಡ್ಲಿಗೆ ಹೋಗಿ. ಹೊರಡುವ ಮುಂಚೆ ವಾರದ ರಜೆ ಯಾವತ್ತು ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಹಳೇ ಹೋಟೆಲ್‌ಗಳ ಹಾಗೆ ಹೊರವಲಯದ ಚಿಕ್ಕ ಹೋಟೆಲ್‌ಗಳೂ ವಾರಕ್ಕೊಂದು ದಿನ ಬಾಗಿಲು ಹಾಕುತ್ತವೆ, ಮ್ಯಾಪ್‌ನಲ್ಲಿ ಅದು ಎಷ್ಟೋ ಸಲ ತೆರೆದಿದೆ ಅಂತಲೇ ತೋರಿಸುತ್ತಿರುತ್ತದೆ.